ಅಂತರಗಂಗೆಯ ಉರಿ: ಕೆಲವು ಟಿಪ್ಪಣಿಗಳು

ಕೀನ್ಯಾದ ಕಿಸುಮು ನಗರದ ಪಕ್ಕದಲ್ಲಿ ಡುಂಗಾ ಎಂಬ ಮೀನುಗಾರರ ಊರಿದೆ. ವಿಕ್ಟೋರಿಯಾ ಸರೋವರದ ವಿನಾಮ್ ಕೊಲ್ಲಿಯ ದಡ. ದೋಣಿಗೆ ದಾರಿ ಬಿಡದ ಅಂತರಗಂಗೆ ಎಂಬ ನೀರುಕಳೆಯನ್ನು ಅಲ್ಲಿನ ಕೆಲವು ಮನೆಯವರು ದಡಕ್ಕೆಳೆದು, ಕೊಚ್ಚಿ, ಚೀಲದಂಥ ಬಯೋಗ್ಯಾಸ್ ಘಟಕಕ್ಕೆ ಹಾಕುತ್ತಾರೆ. ಅದರ ಉರಿಯಲ್ಲಿ ಮುಸುಕಿನ ಜೋಳದ ಮುದ್ದೆ, ಅವರ ಉಗಾಲಿ, ಬೇಯುತ್ತದೆ. ಓದಿ ಖುಷಿಪಟ್ಟೆ. ಲೆಕ್ಕ ಹಾಕಲು ಕೂತ ಮೇಲೆ ಗೊಂದಲ ಶುರುವಾಯಿತು.

*

ಹಸಿ ಗಿಡದಲ್ಲಿ ನೂರಕ್ಕೆ 90ರಿಂದ 95 ಪಾಲು ನೀರು. 60 ಕೆ.ಜಿ. ಹೊತ್ತು ತಂದರೆ ಅದರಲ್ಲಿ ಒಣ ಪದಾರ್ಥ ಮೂರರಿಂದ ಆರು ಕೆ.ಜಿ. ಚೆನ್ನಾಗಿ ಕೊಳೆತರೆ ಹೆಚ್ಚುಕಡಿಮೆ ಒಂದು ಘನ ಮೀಟರ್ ಅನಿಲ ಸಿಕ್ಕೀತು, ಅರ್ಧ ಕೆ.ಜಿ.ಗೂ ತುಸು ಕಡಿಮೆ ಎಲ್‌ಪಿಜಿಗೆ ಸಮ. ಒಂದು ಸಣ್ಣ ಸಂಸಾರದ ಒಂದು ದಿನದ ಅಡುಗೆ. ನಮ್ಮ 14.2 ಕೆ.ಜಿ.ಯ ಒಂದು ಸಿಲಿಂಡರ್‌ಗೆ ಸರಿಗಟ್ಟಲು ಎರಡು ಟನ್‌ನಷ್ಟು ಗಿಡ ಬೇಕು. ಇಷ್ಟು ದಿನ ಸೌದೆ ಹೊತ್ತವಳೇ ಇದನ್ನೂ ಹೊರಬೇಕೇ?

*

ಬೆಂಗಳೂರಿನ ಕೆರೆಯೊಂದರ ಅಂಚಿನಿಂದ ಒಂದು ಗಿಡ ಕಿತ್ತು ನೋಡಿದೆ. ಎಲೆಯ ತೊಟ್ಟು ನಿಂಬೆಹಣ್ಣಿನಷ್ಟು ಊದಿಕೊಂಡಿದೆ. ಚಾಕುವಿನಿಂದ ಸೀಳಿದರೆ ಒಳಗೆ ತೆಳುಗೋಡೆಯ ಗಾಳಿಗೂಡುಗಳು, ಸಾಲುಸಾಲು. ಸೀಳಿದ ಹೋಳನ್ನು ಬಕೆಟ್‌ನಲ್ಲಿ ಒತ್ತಿ ಹಿಡಿದು ಬಿಟ್ಟರೆ ಮತ್ತೆ ಮೇಲೆ ಬಂತು. ತೊಟ್ಟಿಯೊಳಗೂ ಇದೇ ತಾಪತ್ರಯ. ಸಗಣಿ ಬಗ್ಗಡಕ್ಕೆಂದು ಕಟ್ಟಿದ ಗೋಬರ್ ಗ್ಯಾಸ್ ತೊಟ್ಟಿಗೆ ಇದನ್ನು ತುಂಬಿದರೆ ತೇಲಿ, ಹೆಪ್ಪುಗಟ್ಟಿ, ದಾರಿ ಕಟ್ಟುತ್ತದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಎಲೆ, ಕಳೆಗಳಿಗೆಂದೇ ಬೇರೆ ವಿನ್ಯಾಸ ರೂಪಿಸಿದ್ದಾರೆ: ಒಂದು ತುದಿಯಲ್ಲಿ ತುಂಬಿ, ಇನ್ನೊಂದು ತುದಿಯಲ್ಲಿ ಕಳಿತದ್ದನ್ನು ತೆಗೆಯುವ ಉದ್ದನೆಯ ತೊಟ್ಟಿ. ಅದರ ಹಿಂದಿನ ಶ್ರಮ ಈ ಹೋಳು ನೋಡಿದ ಮೇಲೆ ಅರ್ಥವಾಯಿತು.

*

1998ರಲ್ಲಿ ವಿನಾಮ್ ಕೊಲ್ಲಿಯಲ್ಲಿ ಸುಮಾರು 17,000 ಹೆಕ್ಟೇರ್ ಗಿಡವಿತ್ತು. ದಟ್ಟವಾಗಿ ಬೆಳೆದಲ್ಲಿ ಹೆಕ್ಟೇರಿಗೆ 200 ಟನ್ ದಾಟುತ್ತದೆ. ಮೇಲಿನ ಲೆಕ್ಕದಂತೆ ಆ ಒಂದು ಹೆಕ್ಟೇರ್ ಒಂದು ಮನೆಯ ಒಲೆಗೆ ಒಂಬತ್ತು ವರ್ಷ ಸಾಕು. ಗಿಡವೋ, ಅನುಕೂಲವಿದ್ದರೆ ಎರಡು ವಾರಕ್ಕೆ ಇಮ್ಮಡಿ. ಬೀಜ ಕೆಸರಿನಲ್ಲಿ 15-20 ವರ್ಷ ಜೀವ ಹಿಡಿದಿರಬಲ್ಲದು.

ಆಗ ಕೊಲ್ಲಿಯನ್ನು ತೆರವು ಮಾಡಿದ್ದು ಗಿಡದ ತವರಾದ ದಕ್ಷಿಣ ಅಮೆರಿಕದ ಮೂತಿಹುಳು, ಜೊತೆಗೆ ಎಲ್ ನಿನೊ ಹವೆ. 2006ರ ಜೋರು ಮಳೆಯ ನಂತರ ಗಿಡ ಮರಳಿತು. ಇದೇ ಹುಳುವನ್ನು 1980ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳ ಕೆರೆಯಲ್ಲೂ ಬಿಟ್ಟು ಕಳೆ ಇಳಿಸಿದ್ದರು.

*

ಬಿಡಿಸಲಾಗದ ಪ್ರಶ್ನೆ: ಹುಳು ಗೆದ್ದರೆ ಒಲೆ ಆರುತ್ತದೆ. ಒಲೆ ಉರಿಯಬೇಕಾದರೆ ಗಿಡ ಇರಲೇಬೇಕು. ಮೀನು ಹಿಡಿಯುವ ಗಂಡ, ಅಡುಗೆ ಮಾಡುವ ಹೆಂಡತಿ ಒಂದೇ ಮನೆಯಲ್ಲಿದ್ದರೆ ಅವರು ಯಾವುದನ್ನು ಬಯಸಬೇಕು? ಸಾಲದೆಂಬಂತೆ ಗಾಳಿ ತಿರುಗಿದರೆ ಗಿಡದ ಹಾಸು ಆಚೆ ದಡಕ್ಕೆ ತೇಲಿಹೋಗುತ್ತದೆ. ಸಗಣಿ, ಅಡುಗೆಮನೆಯ ಕಸ ಹಾಕಿಯೂ ನಡೆಯುವಂತಿದ್ದರೆ ಮಾತ್ರ ಆ ಘಟಕವನ್ನು ನಂಬಬಹುದು.

*

ಈ ಗಿಡ ಕೊಳಚೆ ನೀರಿನ ಸೀಸ, ಕ್ಯಾಡ್ಮಿಯಂ ಹೀರುತ್ತದೆ. ಅನಿಲ ತೆಗೆದ ಮೇಲೂ ಅವು ಬಗ್ಗಡದಲ್ಲೇ ಉಳಿಯುತ್ತವೆ. ಪರೀಕ್ಷೆಯಾಗದೆ ಅದನ್ನು ತರಕಾರಿ ಮಡಿಗೆ ಸುರಿಯಬಾರದು.

*

ಇದ್ದಿಲಿನ ಹೊಗೆಯಲ್ಲಿ ಕಣ್ಣುರಿಸಿಕೊಂಡು ಬೇಯಿಸುವ ಹೆಂಗಸಿಗೆ ಈ ನೀಲಿ ಉರಿ ದೊಡ್ಡ ನೆಮ್ಮದಿ. ಆ ಕಾರಣಕ್ಕೇ ಇದಕ್ಕೆ ಹಣ ಸಿಗಲಿ, ತಂತ್ರಜ್ಞರು ದುಡಿಯಲಿ. ಸರೋವರ ಶುದ್ಧವಾಗುತ್ತದೆ ಎಂಬ ಭರವಸೆಯನ್ನು ಮಾತ್ರ ಇದರ ಮೇಲೆ ಹೊರಿಸಬೇಡಿ. ನಿಮ್ಮೂರ ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದರೆ, ಘಟಕ ಕೇಳುವ ಮುನ್ನ ಕೆರೆಯ ಸುತ್ತ ಒಮ್ಮೆ ನಡೆದು ಬನ್ನಿ. ಕಳೆಯನ್ನು ಕೊಬ್ಬಿಸುವ ಒಳಚರಂಡಿ ನೀರು ಎಲ್ಲಿಂದ ಬೀಳುತ್ತಿದೆ ನೋಡಿ, ಅದನ್ನು ನಿಲ್ಲಿಸಲು ಪಂಚಾಯಿತಿಗೋ ಪಾಲಿಕೆಗೋ ಅರ್ಜಿ ಕೊಡಿ.