ನೀರುಕುದುರೆಗೂ ಕಿವಿಯಿದೆ

ರಸ್ತೆ, ಸೇತುವೆ ಕಟ್ಟಿಸಲೆಂದು 1941ರಲ್ಲಿ ಆಫ್ರಿಕಾದ ನೈಜರ್‌ಗೆ ಬಂದಿಳಿದ ಫ್ರೆಂಚ್ ಎಂಜಿನಿಯರ್ ಜಾನ್ ರೂಷ್. ಕೆಲಸದ ಜಾಗದಲ್ಲಿ ಸಿಡಿಲು ಬಡಿದು ಕೂಲಿಯಾಳುಗಳು ಸತ್ತಾಗ, ಮುನಿದ ದೇವರನ್ನು ಸಮಾಧಾನಪಡಿಸಲು ಊರಿನ ಅಜ್ಜಿಯೊಬ್ಬಳು ಮುಂದಾದಳು. ರೂಷ್‌ನ ಬಳಿ ಕೆಲಸಕ್ಕಿದ್ದ ಮೀನುಗಾರರ ಹುಡುಗ ದಮೂರೆ ಜಿಕಾನ ಅಜ್ಜಿ ಅವಳು. ಆ ಪೂಜೆ ನೋಡಿದ ಮೇಲೆ ಎಂಜಿನಿಯರನ ತಲೆಯಲ್ಲಿ ಹುಳ ಹೊಕ್ಕಿತು. ಸೇತುವೆ ಹಿಂದೆ ಬಿತ್ತು, ಮಾನವಶಾಸ್ತ್ರ ಮುಂದೆ ಬಂತು.

ಯುದ್ಧ ಮುಗಿದು 1946ರಲ್ಲಿ ಇಬ್ಬರು ಗೆಳೆಯರ ಜೊತೆ ನೈಜರ್ ನದಿಯುದ್ದಕ್ಕೂ ದೋಣಿಯಲ್ಲಿ ಹೊರಟಾಗ ಕೈಯಲ್ಲಿ ಒಂದು 16 ಎಂಎಂ ಕ್ಯಾಮೆರಾ ಇತ್ತು, ಪ್ಯಾರಿಸ್‌ನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡದ್ದು. ಟ್ರೈಪಾಡ್ ದಾರಿಯಲ್ಲೇ ಕಳೆದುಹೋಯಿತು. ಸರಿ, ಕೈಯಲ್ಲೇ ಹಿಡಿದು ಚಿತ್ರಿಸಿದ. ಮುಂದೆ ಅದೇ ಅವನ ಶೈಲಿಯಾಯಿತು. ಕೀಲಿ ಕೊಡುವ ಕ್ಯಾಮೆರಾ ಅದು, ಒಂದು ಸಲಕ್ಕೆ ಸುಮಾರು 25 ಸೆಕೆಂಡು ಓಡಿ ನಿಲ್ಲುತ್ತಿತ್ತು. ಮತ್ತೆ ಕೀಲಿ ತಿರುಗಿಸುವಷ್ಟರಲ್ಲಿ ಮುಂದೆ ಎಲ್ಲಿ ನಿಲ್ಲಬೇಕೆಂದು ಯೋಚಿಸಿಕೊಳ್ಳುತ್ತಿದ್ದ.

ಅವನ ಕಸುಬಿನ ನಿಜವಾದ ಪಾಠ ನಡೆದದ್ದು ಅಯೊರು ಎಂಬ ಹೊಳೆದಂಡೆಯ ಊರಿನಲ್ಲಿ. ಅಲ್ಲಿನ ಸೊರ್ಕೊ ಮೀನುಗಾರರು ಈಟಿ ಹಿಡಿದು ನೀರುಕುದುರೆ ಬೇಟೆಯಾಡುವುದನ್ನು 1951ರಲ್ಲಿ ಚಿತ್ರಿಸಿದ್ದ. ಸಿದ್ಧವಾದ ಚಿತ್ರವನ್ನು ಅದೇ ಊರಿಗೆ ಒಯ್ದು, ಬಿಳಿ ಬಟ್ಟೆ ಕಟ್ಟಿ ತೋರಿಸಿದ. ತೀರಿಹೋದ ತಮ್ಮವರು ಪರದೆಯ ಮೇಲೆ ಓಡಾಡುವುದನ್ನು ಕಂಡು ಜನ ಅತ್ತರು. ಮತ್ತೆ ಹಾಕಿಸಿದರು, ಮತ್ತೂ ಹಾಕಿಸಿದರು. ಅಳು ನಿಂತ ಮೇಲೆ ವಿಮರ್ಶೆ ಶುರುವಾಯಿತು. ಬೇಟೆಯ ರೋಚಕ ಘಟ್ಟಕ್ಕೆ ರೂಷ್ ಬೇಟೆಗಾರರ ಹಾಡನ್ನೇ ಹಿನ್ನೆಲೆಗೆ ಹಾಕಿದ್ದ. ಬೇಟೆಗಾರರು ಅದನ್ನೇ ಹಿಡಿದರು: ನೀರುಕುದುರೆಗೆ ಕಿವಿ ಬಲು ಚುರುಕು, ಬೇಟೆಯ ಹೊತ್ತಿಗೆ ಪಿಟ್ಟೆನ್ನಬಾರದು, ಇಷ್ಟು ಗದ್ದಲ ಎಬ್ಬಿಸಿದರೆ ಪ್ರಾಣಿ ನಿಂತೀತೇ?

ರೂಷ್ ಆ ಸಂಗೀತ ತೆಗೆದುಹಾಕಿದ. ನೋಡುತ್ತಿದ್ದವರಲ್ಲೇ ಒಬ್ಬ, ನಮ್ಮ ಕಡೆ ಬಂದು ಸಿಂಹದ ಬೇಟೆ ಚಿತ್ರಿಸು ಎಂದು ಕರೆದ. ಬಿಲ್ಲುಬಾಣದ ಆ ಬೇಟೆಯ ಚಿತ್ರ 1965ರಲ್ಲಿ ಹೊರಬಂತು.

ಚಿತ್ರದಲ್ಲಿ ಕಾಣುವವರು ಚಿತ್ರದ ಬಗ್ಗೆ ಮಾತನಾಡಬಹುದಾದರೆ, ಚಿತ್ರದೊಳಗೇ ಏಕೆ ಮಾತನಾಡಬಾರದು? 'ಜಾಗ್ವಾರ್' ಎಂಬ ಚಿತ್ರ ಹುಟ್ಟಿದ್ದು ಹಾಗೆ. ದಮೂರೆ, ಅವನ ಗೆಳೆಯ ಲಾಮ್ ಮತ್ತು ಇನ್ನೊಬ್ಬ ಗೆಳೆಯ ನೈಜರ್‌ನಿಂದ ಘಾನಾದ ಕಡೆಗೆ ಕೆಲಸ ಹುಡುಕಿ ಹೋಗುವ ಕಥೆಯನ್ನು ರೂಷ್ ಮೂಕಿಯಾಗಿಯೇ ಚಿತ್ರಿಸಿದ್ದ. ಆಮೇಲೆ ಅದನ್ನು ನೋಡುತ್ತ ಆ ಗೆಳೆಯರೇ ಬಾಯಿಗೆ ಬಂದಂತೆ ಹರಟಿದರು, ಜೋಕು ಹೊಡೆದರು, ಒಬ್ಬರನ್ನೊಬ್ಬರು ಕಿಚಾಯಿಸಿದರು. 1967ರಲ್ಲಿ ಬಿಡುಗಡೆಯಾದ ಚಿತ್ರಕ್ಕೆ ಆ ಹರಟೆಯೇ ನಿರೂಪಣೆ. ಆ ಮೀನುಗಾರರ ಹುಡುಗ ದಮೂರೆ ರೂಷ್‌ನ ಧ್ವನಿಮುದ್ರಕ, ನಟ, ಮುಲಾಜಿಲ್ಲದ ವಿಮರ್ಶಕನಾದ.