ಹೆಸರಿಗೆ ಮಾತ್ರ

ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ಮಧ್ಯಾಹ್ನದ ಹೊತ್ತನ್ನು ನಿದ್ರೆಗೆ ಒಪ್ಪಿಸಬಾರದೆಂದು, ನನ್ನ ತಮ್ಮನ ಮಗನ ಕಚೇರಿಗೆ ಹೋಗಿ ಕುಳಿತುಕೊಳ್ಳುವುದು ನನಗೆ ರೂಢಿಯಾಗಿದೆ. ಅವನು ಕಂಪನಿ ಸೆಕ್ರೆಟರಿ. ಸಣ್ಣ ಕಂಪನಿಗಳವರು ಸರಕಾರಕ್ಕೆ ಒಪ್ಪಿಸತಕ್ಕ ನಮೂನೆಗಳನ್ನು ಸಿದ್ಧಪಡಿಸಿಕೊಡುವುದು ಅವನ ಜೀವನೋಪಾಯ. ಇಂಗ್ಲಿಷ್ ಬಾರದ ಕಕ್ಷಿಗಾರರಿಗೆ ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದುಕೊಡುವುದು ನನ್ನ ಪಾಲಿನ ಸೇವೆ.

ಷೇರುದಾರರ ಪಟ್ಟಿಯಲ್ಲಿ ಒಬ್ಬರ ಹೆಸರು, ಫಲವನ್ನುಣ್ಣುವವರು ಇನ್ನೊಬ್ಬರು. ಮನೆತನದ ಕಂಪನಿಗಳಲ್ಲಿ ಇದು ಅಪೂರ್ವವಲ್ಲವೆಂದು ವಾಚಕರು ಬಲ್ಲರು. ಪ್ರೈವೇಟ್ ಕಂಪನಿಗೆ ಕನಿಷ್ಠ 2 ಸದಸ್ಯರು ಬೇಕು. ಹತ್ತಿರದಲ್ಲಿದ್ದವರ ಹೆಸರನ್ನು ಸೇರಿಸಿಬಿಡುವರು. 2013ನೆಯ ಇಸವಿಯ ಕಂಪನಿ ಕಾಯಿದೆಯ 89ನೆಯ ಪ್ರಕರಣದಂತೆ, ಹೆಸರಿಗೆ ಮಾತ್ರ ಷೇರುದಾರರಾದವರು ಎಂ.ಜಿ.ಟಿ. 4 ಎಂಬ ನಮೂನೆಯಲ್ಲಿಯೂ ನಿಜವಾದ ಒಡೆಯರು ಎಂ.ಜಿ.ಟಿ. 5ರಲ್ಲಿಯೂ 30 ದಿನಗಳೊಳಗೆ ಅದನ್ನು ಕಂಪನಿಗೆ ತಿಳಿಸತಕ್ಕದ್ದು. ಕಂಪನಿಯು ಅದನ್ನು ರಿಜಿಸ್ಟ್ರಾರರಿಗೆ ಒಪ್ಪಿಸತಕ್ಕದ್ದು. ಕಂಪನಿಯ ಹಿಂದೆ ಮತ್ತೊಂದು ಕಂಪನಿ, ಅದರ ಹಿಂದೆ ಟ್ರಸ್ಟು ನಿಂತಿದ್ದರೂ, ಮರೆಯಲ್ಲಿ ನೂರಕ್ಕೆ 10ಕ್ಕೆ ಕಡಮೆಯಲ್ಲದ ಪಾಲುಳ್ಳ ಮನುಷ್ಯನು ಯಾರೆಂದು ಕೇಳುವುದು 90ನೆಯ ಪ್ರಕರಣ. ಅದರ ನಿಯಮಗಳು 2018ರಲ್ಲಿ ಬಂದವು. 'ಸ್ವಾಮಿ' ಎಂಬ ಶಬ್ದವನ್ನು ಪಾಣಿನಿಯು 'ಸ್ವ' ಎಂಬುದರಿಂದಲೇ ಸಾಧಿಸಿದ್ದಾನೆ. ತನ್ನದೆಂಬುದು ಇದ್ದವನೇ ಸ್ವಾಮಿ. ಸರಕಾರವು ಕೇಳುವುದೂ ಇಷ್ಟನ್ನೇ.

ಕಳೆದ ಶ್ರಾವಣದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಗೃಹಸ್ಥರೊಬ್ಬರು ಬಂದರು. ನೂರಕ್ಕೆ 30 ಪಾಲು ಅವರ ಅತ್ತಿಗೆಯ ಹೆಸರಿನಲ್ಲಿದ್ದಿತು. ಅಣ್ಣನು ತೀರಿಕೊಂಡು ಬಹುಕಾಲವಾಗಿತ್ತು.

"ಹೆಸರು ಮಾತ್ರ ಅತ್ತಿಗೆಯವರದು, ಮೇಷ್ಟ್ರೇ, ಪಾಲೆಲ್ಲ ನನ್ನದೇ" ಎಂದರು. ಅವರ ಅವಸರಕ್ಕೆ ಕಾರಣವಿದ್ದಿತು. ಘೋಷಣೆ ಮಾಡದ ಒಡೆಯನು ಆ ಷೇರಿನ ಮೇಲಿನ ಹಕ್ಕನ್ನು ಚಲಾಯಿಸಲಾರನೆಂದು ಅದೇ ಪ್ರಕರಣವು ಹೇಳುತ್ತದೆ. ನಾನು ಆಕೆಯ ಘೋಷಣೆಯ ಕನ್ನಡವನ್ನು ದುಂಡಗಿನ ಅಕ್ಷರಗಳಲ್ಲಿ ಬರೆದಿಟ್ಟೆನು. ಬರೆಹವು ಚೆನ್ನಾಗಿ ಬಂದಿತೆಂಬ ಸಂತೋಷವೂ ಆಯಿತು.

ಮರುದಿನ ಆ ತಾಯಿ ಬಂದು ಅದನ್ನು ಎರಡು ಸಲ ಓದಿದರು.

"ಇದಕ್ಕೆ ರುಜು ಹಾಕಿದರೆ ಪಾಲು ನನ್ನದಲ್ಲವೆಂದು ನಾನೇ ಒಪ್ಪಿಕೊಂಡ ಹಾಗಲ್ಲವೇ, ಮೇಷ್ಟ್ರೇ?"

"ಹೌದು, ತಾಯಿ."

"ನಮ್ಮ ಯಜಮಾನರು ಊರಿನ ಗದ್ದೆ ಮಾರಿ ಹಾಕಿದ ಹಣ?"

"ಅಣ್ಣ ಅದನ್ನು ಸಾಲವಾಗಿ ಕೊಟ್ಟದ್ದು, ಅತ್ತಿಗೆ" ಎಂದು ಮೈದುನನು ನೆಲವನ್ನು ನೋಡುತ್ತ ನುಡಿದನು.

ತಿಳಿಯದೆ ರುಜು ಹಾಕಬೇಡಿರೆಂದು ವರ್ಷಗಟ್ಟಲೆ ಹುಡುಗರಿಗೆ ಹೇಳಿದವನು ನಾನು. ಆದರೆ ಆಕೆಯನ್ನು ಒಂದು ಮಾತು ಕೇಳದೆ, ಆಕೆಯ ಬಾಯಿಂದ ಬರಬೇಕಾದುದನ್ನು ನಾನೇ ಬರೆದಿದ್ದೆನು. ನನ್ನ ಕಿವಿಗಳು ಬಿಸಿಯಾದವು.

ಹುಡುಗನು ನಮೂನೆಯನ್ನು ಹಿಂದಕ್ಕೆ ತೆಗೆದುಕೊಂಡನು. "ಹಣ ಎಲ್ಲಿಂದ ಬಂದಿತೆಂದು ಹಳೆಯ ಲೆಕ್ಕವನ್ನು ನೋಡದೆ ನಾನು ಇದನ್ನು ಒಪ್ಪಿಸಲಾರೆ, ಸ್ವಾಮಿ. ಪಾಲು ಇವರದೇ ಆದರೆ ಈ ನಮೂನೆಯೇ ಬೇಕಿಲ್ಲ" ಎಂದು ಗೃಹಸ್ಥರಿಗೆ ಹೇಳಿದನು. ಕಕ್ಷಿಗಾರನು ಕೈತಪ್ಪುವನೆಂಬುದು ಅವನಿಗೂ ಗೊತ್ತಿದ್ದಿತು.

ನನ್ನ ಕನ್ನಡದ ಹಾಳೆಯನ್ನು ಆಕೆ ಮಡಿಸಿ ಚೀಲದಲ್ಲಿಟ್ಟುಕೊಂಡರು. ಇಬ್ಬರೂ ಒಂದೇ ಕಾರಿನಲ್ಲಿ ಹಿಂದಿರುಗಿದರು.

ಲೆಕ್ಕದ ಪುಸ್ತಕಗಳು ಇನ್ನೂ ಬಂದಿಲ್ಲ. ಮೊನ್ನೆ ಎರಡನೆಯ ಕಾಗದವನ್ನು ಬರೆದೆವು; ಈ ಸಲ ಅದರ ಪ್ರತಿಯೊಂದನ್ನು ಆ ತಾಯಿಗೂ ಕಳುಹಿಸಿದ್ದೇನೆ.