ತಿಂಗಳಿಗೊಂದು ಪಾಲು

ಬೆಂಗಳೂರಿನಲ್ಲಿ ಗೆಳತಿಯ ಜೊತೆ ಕೂಡಿ ಕಂಪನಿ ತೆಗೆದಿರುವ ಮಗಳು ಯುಗಾದಿಗೆ ಕನಮಡಿಗೆ ಬಂದಾಗ ಒಂದು ಕಾಗದದ ಕಟ್ಟು ತಂದಿದ್ದಳು. ಇಬ್ಬರದೂ ಸಮಪಾಲು. ಆದರೆ ಆ ಪಾಲನ್ನು ನಾಲ್ಕು ವರ್ಷ ದುಡಿದು ಗಳಿಸಿಕೊಳ್ಳಬೇಕಂತೆ. ಅದಕ್ಕೆ ವೆಸ್ಟಿಂಗ್ ಎನ್ನುತ್ತಾರಂತೆ.

"ಒಂದ ತಾಟಿನ್ಯಾಗ ಉಂಡ ಗೆಳತ್ಯಾರು ನೀವು. ಅಕಿ ಮ್ಯಾಲ ಇಷ್ಟೂ ನಂಬಿಕಿ ಇಲ್ಲೇನ?" ಎಂದೆ.

ಮಗಳು ನಕ್ಕು, ಮರದಲ್ಲಿದ್ದ ಜೋಳದ ಕಾಳು ಎಣಿಸಿಟ್ಟಳು. "ಯವ್ವಾ, ಕಂಪನಿಗೆ 96 ಪಾಲು ಅಂತ ತಿಳಿ. ನನಗ 48, ಅಕಿಗೆ 48. ತಿಂಗಳಿಗೊಂದು." ವರ್ಷ ತುಂಬುವ ಮೊದಲೇ ಬಿಟ್ಟವರಿಗೆ ಏನೂ ಇಲ್ಲ. ವರ್ಷ ತುಂಬಿದ ದಿನ 12 ಪಾಲು ಒಮ್ಮೆಲೇ ಗಟ್ಟಿ. ಆಮೇಲೆ ಯಾವಾಗ ಬಿಟ್ಟರೂ ಗಳಿಸಿದ್ದು ಅವರದು, ಉಳಿದದ್ದು ಕಂಪನಿಗೆ ಹಿಂದಕ್ಕೆ. 1981ರಲ್ಲಿ ಏಳು ಜನ ಕೂಡಿ ಕಟ್ಟಿದ ಇನ್ಫೋಸಿಸ್‌ನಿಂದಲೂ 1989ರಲ್ಲಿ ಅಶೋಕ ಅರೋರಾ ಹೊರಬಂದರಲ್ಲ, ಕೂಡಿದವರೆಲ್ಲ ಕೊನೆತನಕ ಇರುವುದಿಲ್ಲ ಎಂದಳು.

ನಾನು ಮಾತಾಡಲಿಲ್ಲ. ನನ್ನ ಮನಸ್ಸು 1994ಕ್ಕೆ ಹೋಗಿತ್ತು.

ಆಗ ನಾನೂ ಓಣಿಯ ಗೆಳತಿಯೂ ತಲಾ ಐನೂರು ರೂಪಾಯಿ ಹಾಕಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾರಲು ಶುರು ಮಾಡಿದ್ದೆವು. ಒಲೆ ನನ್ನದು, ಓಡಾಟ ಅವಳದು. ಗಂಟು ಹೊತ್ತು ಬಸ್ಸಿನಲ್ಲಿ ವಿಜಾಪುರಕ್ಕೆ ಹೋಗಿ ಅಂಗಡಿಗಳನ್ನು ಹಿಡಿದವಳು ಅವಳೇ. ಹದಿನೆಂಟು ತಿಂಗಳಾದ ಮೇಲೆ ಗಂಡನ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋದಳು.

ಮೂರು ವರ್ಷದ ನಂತರ ತವರಿಗೆ ಬಂದವಳು ನಮ್ಮ ಕಟ್ಟೆಯ ಮೇಲೆ ಕುಳಿತು ಮೆಲ್ಲಗೆ ಕೇಳಿದಳು: "ಅಕ್ಕಾ, ನನ್ನ ಪಾಲು?" ಅಷ್ಟರಲ್ಲಿ ಆರು ಜನ ಹೆಣ್ಣುಮಕ್ಕಳು ನನ್ನ ಒಲೆಗಳ ಮುಂದೆ ರೊಟ್ಟಿ ಬಡಿಯುತ್ತಿದ್ದರು.

"ಒಲಿ ಮುಂದ ಬೆಂದಾಕಿ ನಾನು. ನಿಂದೇನ ಪಾಲು?" ಎಂದು ಅವಳ ಐನೂರು ಮುಂದಿಟ್ಟೆ. ನೋಟು ಅಲ್ಲೇ ಬಿಟ್ಟು ಎದ್ದು ಹೋದಳು. ಮತ್ತೆ ಮಾತಿಲ್ಲ.

ಕುಂತು ತಿನ್ನಲು ಅರ್ಧ ಕೇಳಿದಳೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅರ್ಧ ಎಂಬ ಮಾತು ಅವಳ ಬಾಯಿಂದ ಬಂದೇ ಇರಲಿಲ್ಲ. ಇಂದು ಕಾಳು ನೋಡಿದಾಗ ತಿಳಿಯಿತು: ಅರ್ಧ ಅವಳದಲ್ಲ, ನಿಜ, ಆದರೆ ಏನೂ ಇಲ್ಲ ಎಂದದ್ದು ಅನ್ಯಾಯ. ಮಗಳ ಲೆಕ್ಕದಲ್ಲಿ ಅವಳವು ಹದಿನೆಂಟು.

ನಮ್ಮ ಕಡೆ ದ್ರಾಕ್ಷಿ ಬಳ್ಳಿ ಹಚ್ಚಿದ ವರ್ಷವೇ ಯಾರೂ ಹಣ್ಣು ಕೇಳುವುದಿಲ್ಲ. ಹಾಗೆಂದು, ಹಣ್ಣು ಬಂದಾಗ ಹಚ್ಚಿದ ಕೈಯನ್ನು ಮರೆಯಬಾರದು. ನಂಬಿಕೆ ಇಲ್ಲದವರು ಕಾಗದ ಬರೆಯುತ್ತಾರೆ ಎಂದುಕೊಂಡಿದ್ದೆ. ನಂಬಿಕೆ ಉಳಿಯಲಿ ಎಂದೂ ಬರೆಯುತ್ತಾರೆ. ಹಪ್ಪಳ, ಶ್ಯಾವಿಗೆಯ ಕೂಡುವ್ಯಾಪಾರವಿದ್ದರೂ, ತಾಯಂದಿರೇ, ಮನಸ್ಸು ತಿಳಿಯಾಗಿದ್ದಾಗಲೇ ಬರೆದಿಟ್ಟುಕೊಳ್ಳಿ.

ಮಗಳು ಕಾಳು ಬಳಿಯುವಾಗ ಹದಿನೆಂಟನ್ನು ಬೇರೆ ಎತ್ತಿಟ್ಟೆ. ಗೆಳತಿಯ ತಮ್ಮ ಇನ್ನೂ ಇದೇ ಊರಲ್ಲಿದ್ದಾನೆ. ನಾಳೆ ಹೋಗಿ ಸೊಲ್ಲಾಪುರದ ವಿಳಾಸ ಕೇಳಬೇಕು.